ಪ್ರವಚನ, ಶರಣಮೇಳ, ಸಮ್ಮೇಳನ: ಪೂರ್ತಿ ರೆಕಾರ್ಡಿಂಗ್ ಹುಡುಕಿ, ಬೇಕಾದ ರೂಪಕ್ಕೂ ಭಾಷೆಗೂ ತಂದುಕೊಳ್ಳುವ ಬಗೆ

ವಾಟ್ಸಾಪ್‌ನಲ್ಲಿ ಬಂದ ಮೂರು ನಿಮಿಷದ ಪ್ರವಚನದ ತುಣುಕಿಗೆ ಊರಿಲ್ಲ, ತಾರೀಖಿಲ್ಲ, ಹಿಂದಿಲ್ಲ, ಮುಂದಿಲ್ಲ. ಹತ್ತು ಕೈ ದಾಟಿ ಬಂದ ಅದನ್ನೇ ಎಂಪಿ3 ಮಾಡಿ, ಅದನ್ನೇ ಕೇಳಿ ಬರೆದು, ಅದನ್ನೇ ಮರಾಠಿಗೆ ತರಲು ಹೊರಟವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಧ್ವನಿ ಬೇಕಿರಲಿ, ಪಠ್ಯ ಬೇಕಿರಲಿ, ಅನುವಾದ ಬೇಕಿರಲಿ, ಮೊದಲು ಪೂರ್ತಿ ರೆಕಾರ್ಡಿಂಗ್ ಹಿಡಿಯಬೇಕು. ಅದು ಎಲ್ಲಿಯದು, ಯಾವತ್ತಿನದು, ಎಷ್ಟನೇ ದಿನದ್ದು ಎಂಬುದು ಗೊತ್ತಾಗಬೇಕು. ಇಲ್ಲಿ ಹೇಳಿರುವುದೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪ್ರವಚನ ಮತ್ತು ಶರಣ ಸಮ್ಮೇಳನಗಳನ್ನು ಕಣ್ಣ ಮುಂದಿಟ್ಟುಕೊಂಡು. ಉರುಸಿನ ಬಯಾನ್, ಚರ್ಚಿನ ಕನ್ವೆನ್ಶನ್, ಜೈನ ಮುನಿಗಳ ಚಾತುರ್ಮಾಸದ ಪ್ರವಚನ ಬೇಕಾದವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಪೂರ್ತಿ ರೆಕಾರ್ಡಿಂಗ್ ಎಲ್ಲಿ, ಹೇಗೆ

ಹೆಚ್ಚಿನವು ಯೂಟ್ಯೂಬ್‌ನಲ್ಲಿವೆ. ಸಿಗದಿರುವುದಕ್ಕೆ ಮುಖ್ಯ ಕಾರಣ ಹೆಸರಿನ ಕಾಗುಣಿತ. 2023ರ ಜನವರಿ 2ರಂದು ದೇಹ ಬಿಟ್ಟ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀಗಳ ಹೆಸರನ್ನೇ ನೋಡಿ: ಸಿದ್ಧೇಶ್ವರ ಎಂದು ಮಹಾಪ್ರಾಣ ಹಾಕಿದವರು ಕೆಲವರು, ಸಿದ್ದೇಶ್ವರ ಎಂದು ಬರೆದವರು ಹಲವರು, ಇಂಗ್ಲಿಷ್ ಅಕ್ಷರದಲ್ಲಿ ಬರೆದವರು ಇನ್ನೂ ಹಲವರು. ಮೂರನ್ನೂ ಬೇರೆ ಬೇರೆಯಾಗಿ ಹಾಕಿ ಹುಡುಕಿ. ಊರಿನ ಹೆಸರಿಗೂ ಇದೇ ಪಾಡು. ವಿಜಯಪುರ, ಬೆಳಗಾವಿ ಎಂಬ ಹೆಸರುಗಳು ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ರೆಕಾರ್ಡಿಂಗ್ ಬೇಕಿದ್ದರೆ ಬಿಜಾಪುರ, ಬೆಳಗಾಂ ಎಂದು ಹುಡುಕಬೇಕು. ಊರಿನ ಹೆಸರಿನ ಜೊತೆ ‘ಪ್ರವಚನ’, ‘ದಿನ 1’, ‘ಭಾಗ 1’ ಸೇರಿಸಿದರೆ ತುಣುಕುಗಳು ಕೆಳಗೆ ಸರಿದು ಮಾಲಿಕೆ ಮೇಲೆ ಬರುತ್ತದೆ. ಫಿಲ್ಟರಿನಲ್ಲಿ ‘20 ನಿಮಿಷಕ್ಕಿಂತ ಹೆಚ್ಚು’ ಎಂಬುದನ್ನು ಒತ್ತುವುದನ್ನೂ ಮರೆಯಬೇಡಿ. ಹಿನ್ನೆಲೆಗೆ ಕೊಳಲು ಸೇರಿಸಿ, ಸ್ಥಿರಚಿತ್ರ ಅಂಟಿಸಿದ ನೂರಾರು ತುಣುಕು ಈ ಒಂದು ಒತ್ತಿಗೆ ಮಾಯವಾಗುತ್ತವೆ.

ಒಂದೇ ಪ್ರವಚನವನ್ನು ಹತ್ತು ಚಾನೆಲ್‌ಗಳು ಹಾಕಿರುತ್ತವೆ. ಯಾವುದು ಮೂಲ? ಅಪ್‌ಲೋಡ್ ಆದ ತಾರೀಖು ಹಳೆಯದಿದ್ದು, ಅವಧಿ ಎಲ್ಲಕ್ಕಿಂತ ಉದ್ದವಿದ್ದು, ಶುರುವಿಗೆ ಪ್ರಾರ್ಥನೆ, ಕೊನೆಗೆ ಮಂಗಲ ಎರಡೂ ಇದ್ದರೆ ಅದನ್ನೇ ಮೂಲವೆಂದು ಹಿಡಿಯಬಹುದು. ಅವಧಿ ಸಮವಿದ್ದೂ ದನಿ ಸ್ವಲ್ಪ ಕೀಚಲಾಗಿ ಕೇಳಿಸಿದರೆ, ಯಾರೋ ಹಕ್ಕುಸ್ವಾಮ್ಯದ ತಪಾಸಣೆಯಿಂದ ಪಾರಾಗಲು ಸ್ವರ ಏರಿಸಿದ್ದಾರೆ ಎಂದರ್ಥ. ಅದನ್ನು ಬಿಡಿ.

ಹೊಸ ಕಾರ್ಯಕ್ರಮಗಳದ್ದು ಬೇರೆ ತೊಂದರೆ. ಮಠಗಳ ಹುಡುಗರು ಮೊಬೈಲ್ ನಿಲ್ಲಿಸಿ ಫೇಸ್‌ಬುಕ್ ಲೈವ್ ಮಾಡುತ್ತಾರೆ. 2025ರ ಫೆಬ್ರುವರಿ 19ರಿಂದ ಫೇಸ್‌ಬುಕ್ಕಿನ ನಿಯಮ ಬದಲಾಗಿದೆ: ಹೊಸ ಲೈವ್ ವಿಡಿಯೊ 30 ದಿನ ಮಾತ್ರ ಉಳಿಯುತ್ತದೆ, ಆಮೇಲೆ ತಾನೇ ಅಳಿದುಹೋಗುತ್ತದೆ. ಕೂಡಲಸಂಗಮದಲ್ಲಿ ಜನವರಿಯಲ್ಲಿ ಶರಣಮೇಳ ಮುಗಿಯಿತು, ಶಿವರಾತ್ರಿ ಹೊತ್ತಿಗೆ ನೋಡಿದರಾಯಿತು ಎಂದು ಕೂತರೆ ಲಿಂಕ್ ಮಾತ್ರ ಉಳಿದಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಪೇಜ್ ನಡೆಸುವವರಿಗೆ ಆ ತಿಂಗಳೊಳಗೇ ಫೋನ್ ಮಾಡಿ ಇಳಿಸಿಡಲು ಹೇಳಿ. ಯೂಟ್ಯೂಬ್ ಲೈವ್‌ಗೆ ಇನ್ನೊಂದು ಗಡಿ ಇದೆ: ಎಡೆಬಿಡದೆ 12 ಗಂಟೆ ಮೀರಿದ ನೇರಪ್ರಸಾರ ತಾನಾಗಿ ಉಳಿಯುವುದಿಲ್ಲ. ಬೆಳಗಿನ ಧ್ವಜಾರೋಹಣದಿಂದ ರಾತ್ರಿಯ ನಾಟಕದ ತನಕ ಒಂದೇ ಲೈವ್ ಬಿಡುವ ಸಂಘಟಕರಿಗೆ ಇದನ್ನು ಮೊದಲೇ ತಿಳಿಸಬೇಕು. ಗೋಷ್ಠಿಗೊಂದರಂತೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಉಳಿಯುವುದೂ ಖಾತ್ರಿ, ಹುಡುಕುವುದೂ ಸುಲಭ.

ಎಂಟೊಂಬತ್ತು ಗಂಟೆಯ ವಿಡಿಯೊದಲ್ಲಿ ಬೇಕಾದ ಉಪನ್ಯಾಸ ಹಿಡಿಯಲು ಒಳ್ಳೆಯ ಸೂಚಿ ಯಾವುದು ಗೊತ್ತೇ? ಆಮಂತ್ರಣ ಪತ್ರಿಕೆ. ಅದರ ಫೋಟೊ ಇಟ್ಟುಕೊಳ್ಳಿ. ಅದರಲ್ಲಿರುವ ಸಮಯ ನಂಬುವಂತಿಲ್ಲ, ಸರದಿ ಮಾತ್ರ ಬಹುಮಟ್ಟಿಗೆ ಸರಿಯಿರುತ್ತದೆ. ಕಂಪ್ಯೂಟರಿನಲ್ಲಿ ವಿಡಿಯೊದ ಕೆಳಗಿನ ಗೆರೆಯ ಮೇಲೆ ಬಾಣವನ್ನು ನಿಧಾನ ಸರಿಸುತ್ತ ಹೋದರೆ ಚಿಕ್ಕ ಚಿತ್ರಗಳು ಕಾಣುತ್ತವೆ. ವೇದಿಕೆಯ ಮುಂದೆ ನಾಲ್ಕೈದು ಜನ ಗುಂಪುಗೂಡಿ ಶಾಲು ಹೊದಿಸುತ್ತಿರುವ ಚಿತ್ರ ಬಂದಲ್ಲೆಲ್ಲ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುತ್ತಿದೆ ಎಂದು ತಿಳಿಯಿರಿ. ಜಾಗ ಸಿಕ್ಕ ಮೇಲೆ ‘ಶೇರ್’ ಒತ್ತಿ, ಕೆಳಗಿರುವ ‘ಸ್ಟಾರ್ಟ್ ಅಟ್’ ಎಂಬಲ್ಲಿ ಗುರುತು ಹಾಕಿ ಲಿಂಕ್ ತೆಗೆದುಕೊಂಡರೆ, ಒತ್ತಿದವರಿಗೆ ನೇರವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅಂಥ ಸಮಯಗಳ ಪಟ್ಟಿಯನ್ನು ವಿಡಿಯೊದ ಕೆಳಗೆ ಒಂದು ಕಾಮೆಂಟಾಗಿ ಹಾಕಿಬಿಡಿ. ಮುಂದೆ ಬರುವ ನೂರು ಜನಕ್ಕೆ ಅದೇ ಪರಿವಿಡಿ.

ಯೂಟ್ಯೂಬ್ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿ ಇಳಿಸಿದ್ದು ಆ ಆ್ಯಪ್‌ನ ಒಳಗೇ ಇರುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಬೇರೆ ಜಾಲತಾಣಗಳ ಮೂಲಕ ಎಳೆದುಕೊಳ್ಳುವುದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಅಲ್ಲಿನ ಜಾಹೀರಾತುಗಳೂ ಕೇಡು. ನೇರ ದಾರಿಯೇ ವಾಸಿ: ರೆಕಾರ್ಡ್ ಮಾಡಿಸಿದ ಮಠಕ್ಕೋ ಸಮಿತಿಗೋ ಒಂದು ಪೆನ್‌ಡ್ರೈವ್ ಕೊಟ್ಟು ಕೇಳುವುದು. ಕೇಳುವಾಗ ‘ಅಜ್ಜಾರ ಪ್ರವಚನ ಕೊಡ್ರಿ’ ಎಂದರೆ ಸಾಲದು. ಯಾವ ಊರು, ಯಾವ ತಿಂಗಳು, ಎಷ್ಟು ದಿನದ್ದು ಎಂದು ಚೀಟಿಯಲ್ಲಿ ಬರೆದುಕೊಡಿ. ಮೂಲ ಕಡತ ಕಳೆದುಹೋಗಿದ್ದರೆ, ಚಾನೆಲ್ ಅವರದೇ ಆಗಿರುವಾಗ, ಯೂಟ್ಯೂಬ್ ಸ್ಟುಡಿಯೊದಿಂದ ತಮ್ಮ ವಿಡಿಯೊವನ್ನು ಅವರೇ ಇಳಿಸಿಕೊಳ್ಳಬಹುದು. ಎಲ್ಲ ವಿಡಿಯೊಗಳೂ ಒಟ್ಟಿಗೆ ಬೇಕೆಂದರೆ ಗೂಗಲ್ ಟೇಕ್‌ಔಟ್ ಇದೆ. ಇದು ಬಹಳ ಸಮಿತಿಗಳಿಗೆ ಗೊತ್ತಿಲ್ಲ. ಹೇಳಿಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಸಿಕ್ಕ ಕಡತವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ‘ವಿಡಿಯೊ’ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸಿ. 2 ಜಿಬಿ ತನಕ ಹೋಗುತ್ತದೆ, ಗುಣಮಟ್ಟವೂ ಕುಗ್ಗುವುದಿಲ್ಲ.

ಎಂಪಿ3 ಮತ್ತು ಪೆನ್‌ಡ್ರೈವ್

ಮಾತಿಗೆ 64 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ದತ್ತಾಂಶ ಎಂಬ ಅಳತೆ), ಮೊನೊ (ಒಂದೇ ಚಾನೆಲ್) ಸಾಕು. ಗಂಟೆಗೆ ಸುಮಾರು 29 ಎಂಬಿ. ದಿನಕ್ಕೊಂದು ಗಂಟೆಯಂತೆ ಒಂದು ತಿಂಗಳ ಪ್ರವಚನಮಾಲೆ 1 ಜಿಬಿಯೊಳಗೆ ಹಿಡಿಯುತ್ತದೆ. ಭಜನೆ, ವಚನ ಗಾಯನ ಇದ್ದರೆ 128 ಇಡಿ, ಗಂಟೆಗೆ 58 ಎಂಬಿ ಆಗುತ್ತದೆ. ಅದಕ್ಕಿಂತ ಹೆಚ್ಚಿಟ್ಟರೆ ಪೆಂಡಾಲಿನ ಫ್ಯಾನಿನ ಸದ್ದು ಸ್ಪಷ್ಟವಾಗುತ್ತದೆ, ಅಷ್ಟೇ.

ವಿಎಲ್‌ಸಿ ಪ್ಲೇಯರ್ ಇದ್ದರೆ ಬೇರೆ ತಂತ್ರಾಂಶ ಬೇಡ. ‘ಮೀಡಿಯಾ’ ಮೆನುವಿನಲ್ಲಿ ‘ಕನ್ವರ್ಟ್/ಸೇವ್’ ಒತ್ತಿ, ವಿಡಿಯೊ ಸೇರಿಸಿ, ಪ್ರೊಫೈಲ್‌ನಲ್ಲಿ ‘ಆಡಿಯೊ ಎಂಪಿ3’ ಆರಿಸಿ. ಪಕ್ಕದ ಸ್ಪ್ಯಾನರ್ ಗುರುತು ಒತ್ತಿ ಆಡಿಯೊ ಕೊಡೆಕ್ ಪುಟದಲ್ಲಿ ಬಿಟ್‌ರೇಟ್ 64, ಚಾನೆಲ್ 1, ಸ್ಯಾಂಪಲ್ ರೇಟ್ 44100 ಮಾಡಿ. ಉಳಿಸುವ ಕಡತದ ಹೆಸರಿನ ಕೊನೆಗೆ ಚುಕ್ಕಿ ಎಂಪಿ3 ಎಂದು ಕೈಯಾರೆ ಹಾಕಿ. ಮೂಲ ಕಡತ ಇರುವ ಜಾಗದಲ್ಲೇ ಅದೇ ಹೆಸರಿನಿಂದ ಉಳಿಸಿದರೆ ಮೂಲವೇ ಅಳಿಸಿಹೋಗುವ ಅಪಾಯವಿದೆ, ಬೇರೆ ಫೋಲ್ಡರಿಗೆ ಉಳಿಸಿ.

ಒಂದು ದೋಷ ಮತ್ತೆ ಮತ್ತೆ ಕಾಣಿಸುತ್ತದೆ. ಮೈಕಿನವರ ಮಿಕ್ಸರಿನಿಂದ ನೇರ ತಂತಿ ಎಳೆದು ರೆಕಾರ್ಡ್ ಮಾಡಿದಾಗ ದನಿ ಎಡ ಚಾನೆಲ್‌ನಲ್ಲಿ ಮಾತ್ರ ಬಂದು ಬಲಗಡೆ ಖಾಲಿ ಇರುತ್ತದೆ. ಮನೆಯಲ್ಲಿ ಗೊತ್ತಾಗುವುದಿಲ್ಲ. ಎಡಗಡೆ ಸ್ಪೀಕರ್ ಕೆಟ್ಟಿರುವ ಟ್ರ್ಯಾಕ್ಟರಿನಲ್ಲೋ ಕಾರಿನಲ್ಲೋ ಹಚ್ಚಿದರೆ ಏನೂ ಕೇಳಿಸುವುದಿಲ್ಲ. ನೇರ ಮೊನೊ ಮಾಡಿದರೆ ದನಿ ಅರ್ಧಕ್ಕಿಳಿಯುತ್ತದೆ. ಅಡಾಸಿಟಿ ಎಂಬ ಉಚಿತ ಧ್ವನಿ ತಂತ್ರಾಂಶದಲ್ಲಿ ತೆರೆದು ‘ಸ್ಪ್ಲಿಟ್ ಸ್ಟೀರಿಯೊ ಟು ಮೊನೊ’ ಕೊಟ್ಟು, ಖಾಲಿ ಪಟ್ಟಿಯನ್ನು ಅಳಿಸಿ, ಉಳಿದದ್ದನ್ನು ‘ನಾರ್ಮಲೈಜ್’ ಮಾಡಿ ಎಕ್ಸ್‌ಪೋರ್ಟ್ ಮಾಡಿ.

ಇನ್ನು ಪೆನ್‌ಡ್ರೈವ್. ಅಜ್ಜ ಅಜ್ಜಿಯರಿಗೆ ಮೊಬೈಲಿಗಿಂತ ಪೆನ್‌ಡ್ರೈವ್ ಹಚ್ಚುವ ಚಿಕ್ಕ ಸ್ಪೀಕರೇ ಒಗ್ಗುತ್ತದೆ: ಒಂದೇ ಗುಂಡಿ, ಜಾಹೀರಾತಿಲ್ಲ, ನೆಟ್ ಬೇಕಿಲ್ಲ. ಅದಕ್ಕೆ ಫ್ಯಾಟ್32 ಫಾರ್ಮ್ಯಾಟ್ ಕಡ್ಡಾಯ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಇದ್ದರೆ ಅಗ್ಗದ ಸ್ಪೀಕರುಗಳು, ಹಳೆಯ ಕಾರುಗಳು ಓದುವುದಿಲ್ಲ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್‌ಗೆ ವಿಂಡೋಸ್‌ನ ಫಾರ್ಮ್ಯಾಟ್ ಪಟ್ಟಿಯಲ್ಲಿ ಫ್ಯಾಟ್32 ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. 16 ಜಿಬಿಯದನ್ನೇ ಕೊಳ್ಳಿ, ಅದರಲ್ಲೇ 64 ಕೆಬಿಪಿಎಸ್‌ನ 500 ಗಂಟೆಗೂ ಮೀರಿ ಹಿಡಿಯುತ್ತದೆ.

‘ಒಂದನೇ ದಿನ ಆದಮ್ಯಾಗ ಹದಿನೇಳನೇ ದಿನ ಬರ್ತದಲ್ರೀ’ ಎಂಬ ದೂರು ಎಲ್ಲೆಡೆ ಇದೆ. ಕಾರಣ ಇಷ್ಟು: ಇಂಥ ಸ್ಪೀಕರುಗಳು ಹೆಸರಿನ ಅಕಾರಾದಿ ನೋಡುವುದಿಲ್ಲ, ಕಾಪಿ ಆದ ಸರದಿಯಲ್ಲೇ ನುಡಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಕಂಪ್ಯೂಟರ್ ತನಗೆ ತೋಚಿದ ಸರದಿಯಲ್ಲಿ ಬರೆಯುತ್ತದೆ. ಪೆನ್‌ಡ್ರೈವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಒಂದೊಂದಾಗಿ ಸರದಿಯಂತೆ ಕಾಪಿ ಮಾಡಿ, ಇಲ್ಲವೇ ಫ್ಯಾಟ್‌ಸಾರ್ಟರ್‌ನಂಥ ಉಚಿತ ತಂತ್ರಾಂಶದಿಂದ ಆಮೇಲೆ ಸರಿಪಡಿಸಿ. ಹೆಸರಿನ ಮೊದಲಿಗೆ 1, 2 ಅಲ್ಲ, 01, 02 ಎಂದು ಹಾಕಿ. ಇಲ್ಲದಿದ್ದರೆ ಹೆಸರು ನೋಡಿ ನುಡಿಸುವ ಉಪಕರಣಗಳಲ್ಲಿ 1 ಆದ ಮೇಲೆ 10 ಬರುತ್ತದೆ. ತಾರೀಖು ಹಾಕುವುದಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. ಕನ್ನಡದಲ್ಲಿ ಬರೆದ ಹೆಸರು ಕಾರಿನ ಪರದೆಯ ಮೇಲೆ ಚೌಕ ಚೌಕವಾಗಿ ಕಾಣುತ್ತದೆ, ಆದ್ದರಿಂದ ಪೆನ್‌ಡ್ರೈವ್‌ಗೆ ಹೋಗುವ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರ ಇರಲಿ. ಕಂಪ್ಯೂಟರಿನಲ್ಲಿರುವ ಮೂಲ ಪ್ರತಿಗೆ ಕನ್ನಡವೇ ಸರಿ.

ಮನೆಯ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ಅದೂ ಉಳಿಯಬಲ್ಲದು. ನುಡಿಸುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಸುತ್ತಿ, ಅಂಟಿಕೊಂಡಿದ್ದ ಟೇಪು ಬಿಡುತ್ತದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಲೈನ್‌ಔಟ್‌ನಿಂದ ಕಂಪ್ಯೂಟರಿನ ಲೈನ್‌ಇನ್‌ಗೆ ತಂತಿ. ಹೆಡ್‌ಫೋನ್ ತೂತಿನಿಂದಲೂ ತೆಗೆಯಬಹುದು, ಆದರೆ ದನಿ ಮಧ್ಯಮದಲ್ಲಿಡಿ. ಅಡಾಸಿಟಿಯಲ್ಲಿ 44100, 16 ಬಿಟ್, ಮೊನೊ. ದನಿಯ ತುದಿ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಮೊದಲು ವೇವ್ ಕಡತವಾಗಿ ಉಳಿಸಿ (ಗಂಟೆಗೆ ಸುಮಾರು 318 ಎಂಬಿ), ಆಮೇಲೆ ಅದರಿಂದ ಎಂಪಿ3. ಬೂಸಲು ಕಂಡ ಕ್ಯಾಸೆಟ್ಟನ್ನು ಒಳ್ಳೆಯ ಪ್ಲೇಯರಿಗೆ ಹಾಕಲೇಬೇಡಿ.

ಪಠ್ಯ: ವಚನವನ್ನು ಸರಿಯಾಗಿ ಹಿಡಿಯುವುದು

ಪ್ರವಚನ ಕೇಳುತ್ತ ಒಂದು ವಚನ ಬಂತು, ಅದರ ಸರಿಯಾದ ಪಾಠ ಬೇಕು. ಹೇಳಿದವರು ನೆನಪಿನಿಂದ ಹೇಳಿರುತ್ತಾರೆ, ಸಾಲು ಬಿಟ್ಟಿರಬಹುದು, ಎರಡು ವಚನ ಬೆರೆತಿರಬಹುದು. ಮೊದಲು ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು, ಗುರುತಿಸಿ. ಕೂಡಲಸಂಗಮದೇವ ಎಂದರೆ ಬಸವಣ್ಣ, ಕೂಡಲಚೆನ್ನಸಂಗಮದೇವ ಎಂದರೆ ಚೆನ್ನಬಸವಣ್ಣ, ಗುಹೇಶ್ವರ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನ ಸೊನ್ನಲಿಗೆಯ ಸಿದ್ಧರಾಮ. ಶರಣಮೇಳದ ಕೆಲವು ರೆಕಾರ್ಡಿಂಗ್‌ಗಳಲ್ಲಿ ಬಸವಣ್ಣನವರ ವಚನಕ್ಕೆ ‘ಲಿಂಗದೇವ’ ಎಂಬ ಅಂಕಿತ ಕೇಳಿಸುತ್ತದೆ. ಅದನ್ನೇ ಹಾಕಿ ಹುಡುಕಿದರೆ ಸಿಗದು, ಕೂಡಲಸಂಗಮದೇವ ಎಂದು ಹುಡುಕಿ.

ಹುಡುಕಲು ಒಳ್ಳೆಯ ಜಾಗ ‘ವಚನ ಸಂಚಯ’ ಜಾಲತಾಣ. ಸುಮಾರು ಇಪ್ಪತ್ತು ಸಾವಿರ ವಚನಗಳು ಯೂನಿಕೋಡ್‌ನಲ್ಲಿವೆ (ಎಲ್ಲ ಕಂಪ್ಯೂಟರಿಗೂ ಮೊಬೈಲಿಗೂ ತಿಳಿಯುವ ಅಕ್ಷರ ಸಂಕೇತ). ವಚನಕಾರರ ಹೆಸರಿನಿಂದ, ಅಂಕಿತದಿಂದ, ಪದದಿಂದ ಹುಡುಕಬಹುದು. ಪದ ಆರಿಸುವುದರಲ್ಲಿ ಜಾಣತನ ಬೇಕು: ‘ಭಕ್ತ’, ‘ಲಿಂಗ’ ಎಂದು ಹಾಕಿದರೆ ಸಾವಿರಗಟ್ಟಲೆ ಬರುತ್ತವೆ, ‘ಉಳ್ಳವರು’ ಎಂಬಂಥ ವಿರಳ ಪದ ಹಾಕಿದರೆ ನಾಲ್ಕಾರರಲ್ಲಿ ಮುಗಿಯುತ್ತದೆ. ಸಿಗದಿದ್ದರೆ ವಿಭಕ್ತಿ ಬದಲಿಸಿ. ಕೊನೆಗೂ ಸಿಗದಿದ್ದರೆ ನಿಮ್ಮ ಕೀಲಿಮಣೆ ನೋಡಿ: ಅನುಸ್ವಾರದ ಬದಲು ಸೊನ್ನೆ ಅಂಕಿ ಬಿದ್ದಿರಬಹುದು. ಲಿಂಗ, ಲಿ೦ಗ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬೇರೆಯವರು ಕಳಿಸಿದ ಬರಹದಿಂದ ಕಾಪಿ ಮಾಡಿ ಹುಡುಕುವಾಗ ಈ ಸೊನ್ನೆ ತುಂಬ ಕಾಡುತ್ತದೆ.

ಸಮ್ಮೇಳನದ ಪುಸ್ತಿಕೆಗಳಲ್ಲಿ ವಚನದ ಕೆಳಗೆ ಸಂಪುಟ ಸಂಖ್ಯೆ, ವಚನ ಸಂಖ್ಯೆ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟದ್ದು, ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ 1993ರಲ್ಲಿ ಬಂದ 15 ಸಂಪುಟ. ಮೊದಲನೆಯದು ಬಸವಣ್ಣ, ಎರಡನೆಯದು ಅಲ್ಲಮ, ಐದನೆಯದು ಶಿವಶರಣೆಯರು, ಹದಿನೈದನೆಯದು ಪರಿಭಾಷಾ ಕೋಶ. ಉಪನ್ಯಾಸ ಬರೆದುಕೊಳ್ಳುವವರು, ಅನುವಾದ ಮಾಡುವವರು ಆ ಕೋಶವನ್ನು ಮಗ್ಗುಲಲ್ಲೇ ಇಟ್ಟುಕೊಳ್ಳಬೇಕು. ಕನ್ನಡ ವಿಕಿಸೋರ್ಸ್‌ನಲ್ಲೂ ವಚನಗಳಿವೆ. ಅಲ್ಲಿಂದ ಇ-ಪಬ್ (ಇ-ಪುಸ್ತಕದ ಒಂದು ರೂಪ), ಪಿಡಿಎಫ್ ಎರಡೂ ಇಳಿಸಿಕೊಳ್ಳಬಹುದು.

ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳೂ, ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ‘ಸರ್ವೆಂಟ್ಸ್ ಆಫ್ ನಾಲೆಜ್’ ಸಂಗ್ರಹವೂ ಅಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಬಂದಂತೆ ಬರೆದಿದ್ದಾರೆ. ‘ವಚನ’ದ ‘ಚ’ಗೆ ಸಿ-ಎಚ್ ಹಾಕಿಯೂ ಹುಡುಕಿ, ಬರೀ ಸಿ ಹಾಕಿಯೂ ಹುಡುಕಿ, ದೀರ್ಘಕ್ಕೆ ಎ ಒಂದು, ಎ ಎರಡು ಎರಡೂ ನೋಡಿ. ಎಡಗಡೆಯ ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಿ ಸೋಸಿ. ಪುಸ್ತಕದ ಪುಟದಲ್ಲಿ ಇ-ಪಬ್, ಪೂರ್ಣಪಠ್ಯ, ಪಿಡಿಎಫ್ ಎಂದು ಹಲವು ರೂಪ ತೋರಿಸುತ್ತದೆ. ಹಳೆಯ ಅಪ್‌ಲೋಡ್‌ಗಳಲ್ಲಿ ಇ-ಪಬ್ ಮತ್ತು ಪೂರ್ಣಪಠ್ಯ ತೆರೆದರೆ ಬರೀ ಕಸ. ಆಗ ಬಳಸುತ್ತಿದ್ದ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. 2020ರ ನಂತರ ಆರ್ಕೈವ್ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಬದಲಾಯಿಸಿತು, ಅದಕ್ಕೆ ಕನ್ನಡ ಬರುತ್ತದೆ. ಹಾಗಾಗಿ ಹಳೆಯದಿದ್ದರೆ ಪಿಡಿಎಫ್ ಮಾತ್ರ ಇಳಿಸಿಕೊಂಡು, ಬೇಕಾದ ಪುಟಗಳನ್ನು ನೀವೇ ಒಸಿಆರ್ ಮಾಡಿ, ಅಂದರೆ ಪುಟದ ಚಿತ್ರದಿಂದ ಪಠ್ಯ ತೆಗೆಯಿರಿ.

ಒಸಿಆರ್‌ಗೆ ಗೂಗಲ್ ಡ್ರೈವ್ ಸಾಕು. ಪಿಡಿಎಫ್‌ನ ಹತ್ತು ಹತ್ತು ಪುಟ ಬೇರ್ಪಡಿಸಿ, ಒಂದೊಂದೂ 2 ಎಂಬಿ ಒಳಗಿರುವಂತೆ ಡ್ರೈವ್‌ಗೆ ಏರಿಸಿ, ಬಲಗುಂಡಿ ಒತ್ತಿ ‘ಗೂಗಲ್ ಡಾಕ್ಸ್’ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಪಠ್ಯ ಬರುತ್ತದೆ. ನೀವೇ ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ ಇರಲಿ. ಒತ್ತಕ್ಷರ ಕಳಚಿದ ಕಡೆ, ಸಾಲಿನ ಕೊನೆಗೆ ಪದ ತುಂಡಾದ ಕಡೆ, ಹಳೆಯ ಱ, ೞ ಬಂದ ಕಡೆ ತಪ್ಪುಗಳು ಗುಂಪಾಗಿರುತ್ತವೆ. ಅಲ್ಲಿ ಕಣ್ಣಿಟ್ಟು ತಿದ್ದಿ.

ಸಮಿತಿಯವರು ಪ್ರೀತಿಯಿಂದ ಅಧ್ಯಕ್ಷೀಯ ಭಾಷಣದ ಪಿಡಿಎಫ್ ಕಳಿಸುತ್ತಾರೆ, ಓದಲು ಚಂದ ಕಾಣುತ್ತದೆ, ಕಾಪಿ ಮಾಡಿ ಅಂಟಿಸಿದರೆ ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಪಿಡಿಎಫ್ ಕೆಟ್ಟಿಲ್ಲ. ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ನಲ್ಲಿ ನುಡಿ ಇಲ್ಲವೇ ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ್ದು) ಟೈಪಾಗಿದೆ, ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಯಾವ ಫಾಂಟು ಎಂದು ಪಿಡಿಎಫ್‌ನ ‘ಪ್ರಾಪರ್ಟೀಸ್’ನಲ್ಲಿ ‘ಫಾಂಟ್ಸ್’ ಪುಟ ತೆರೆದು ನೋಡಿ. ನುಡಿ, ಬರಹ ಎಂದಿದ್ದರೆ ಆಸ್ಕಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಶ್ರೀಲಿಪಿಗೆ ಅದರದೇ ಪರಿವರ್ತಕ ಬೇಕು, ನುಡಿಯದಕ್ಕೆ ಕೊಟ್ಟರೆ ಅರ್ಧ ಮಾತ್ರ ತಿರುಗುತ್ತದೆ. ಆಗ ಪಿಡಿಎಫ್ ಬಿಟ್ಟು ಡಿಟಿಪಿಯವರಿಂದ ಮೂಲ ಕಡತ ಕೇಳಿ, ಇಲ್ಲವೇ ಚಿತ್ರವೆಂದು ಬಗೆದು ಒಸಿಆರ್ ಮಾಡಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು (ಧರ್ಮ, ಕರ್ಮ, ಸೂರ್ಯ) ಒಂದು ಸಲ ಹುಡುಕಿ ನೋಡಿದರೆ ಎಷ್ಟು ಸರಿಯಾಗಿದೆ ಎಂಬುದು ಕೂಡಲೇ ಗೊತ್ತಾಗುತ್ತದೆ.

ಮಾತನ್ನೇ ಬರಹ ಮಾಡಬೇಕೆಂದರೆ, ಗಂಟೆಯ ಮಾತು ಕೇಳಿ ಬರೆಯಲು ರೂಢಿಯಿದ್ದವರಿಗೂ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಗೂಗಲ್ ಡಾಕ್ಸ್‌ನ ‘ವಾಯ್ಸ್ ಟೈಪಿಂಗ್’ ಕನ್ನಡದಲ್ಲಿ ಕೆಲಸ ಮಾಡುತ್ತದೆ, ಆದರೆ ಕಾರ್ಯಕ್ರಮದ ರೆಕಾರ್ಡಿಂಗನ್ನು ನೇರ ಮೈಕಿಗೆ ಹಿಡಿದರೆ ಸಭೆಯ ಗದ್ದಲ, ಮಾರ್ದನಿ ಸೇರಿ ಎಡವುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿ ಮೊಬೈಲಿನಲ್ಲಿ ಪ್ರವಚನ ಕೇಳುತ್ತ, ಅದೇ ಮಾತನ್ನು ನೀವೇ ನಿಧಾನವಾಗಿ ಕಂಪ್ಯೂಟರಿನ ಮೈಕಿಗೆ ಹೇಳಿ. ಫಲಿತಾಂಶ ಎಷ್ಟೋ ಪಾಲು ವಾಸಿ. ರೆಕಾರ್ಡಿಂಗನ್ನು ಅದೇ ಕಂಪ್ಯೂಟರಿನ ಇನ್ನೊಂದು ಟ್ಯಾಬಿನಲ್ಲಿ ಹಚ್ಚಬೇಡಿ, ಟ್ಯಾಬ್ ಬದಲಿಸಿದ ಕೂಡಲೇ ಟೈಪಿಂಗ್ ನಿಲ್ಲುತ್ತದೆ. ವಿರಾಮ ಚಿಹ್ನೆ ನೀವೇ ಹಾಕಬೇಕು. ವಚನ ಬಂದ ಕಡೆ ಯಂತ್ರಕ್ಕೆ ಬಿಡದೆ ವಚನ ಸಂಚಯದಿಂದ ತಂದು ಅಂಟಿಸಿ. ಯೂಟ್ಯೂಬಿನ ತಾನೇ ತಾನಾಗಿ ಮೂಡುವ ಅಡಿಬರಹ ಇದ್ದಲ್ಲಿ ಕರಡಿಗೆ ಅದೂ ಆದೀತು, ವಿವರಣೆಯ ಕೆಳಗೆ ‘ಟ್ರಾನ್ಸ್‌ಕ್ರಿಪ್ಟ್’ ಎಂದಿರುತ್ತದೆ. ಹಾಗೇ ಅಚ್ಚಿಗೆ ಕೊಡುವ ಧೈರ್ಯ ಮಾತ್ರ ಬೇಡ.

ಗಡಿ ದಾಟಿಸುವುದು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನೆಂಟರಿಗೆ ಕಳಿಸುವಾಗ ಮೊದಲು ಒಂದು ಮಾತು ಕೇಳಿಕೊಳ್ಳಿ: ಅವರಿಗೆ ಕನ್ನಡ ತಿಳಿಯದೋ, ಓದಲು ಬಾರದೋ? ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಯಲ್ಲಿ ಓದಿದವರು ಅಲ್ಲಿ ಬಹಳ. ಅವರಿಗೆ ಅನುವಾದ ಬೇಕಿಲ್ಲ, ಕನ್ನಡವೇ ದೇವನಾಗರಿ ಲಿಪಿಯಲ್ಲಿ ಬೇಕು. ‘ಅಕ್ಷರಮುಖ’ ಎಂಬ ಉಚಿತ ಜಾಲತಾಣದಲ್ಲಿ ಕನ್ನಡ ಪಠ್ಯ ಅಂಟಿಸಿ ದೇವನಾಗರಿ ಆರಿಸಿದರೆ ಕ್ಷಣದಲ್ಲಿ ಆಗುತ್ತದೆ. ಪಠ್ಯ ಯೂನಿಕೋಡ್ ಆಗಿರಬೇಕು. ‘ಳ’ಕಾರಕ್ಕೆ ತೊಂದರೆಯಿಲ್ಲ, ಮರಾಠಿಯಲ್ಲೂ ಇದೆ. ಹ್ರಸ್ವ ಎ, ಒ ಮರಾಠಿ ಬರವಣಿಗೆಯಲ್ಲಿ ಇಲ್ಲದ್ದರಿಂದ ಅಲ್ಲಿ ವಿಚಿತ್ರ ಗುರುತುಗಳು ಬರುತ್ತವೆ. ‘ರಿಪ್ಲೇಸ್’ ಬಳಸಿ ಅವನ್ನು ಸಾದಾ ಏ, ಓ ಮಾಡಿಬಿಡಿ. ಮನೆಮಾತು ಕನ್ನಡವಾದ್ದರಿಂದ ಓದುವವರು ಹ್ರಸ್ವ ದೀರ್ಘ ತಾವೇ ಸರಿಮಾಡಿಕೊಳ್ಳುತ್ತಾರೆ.

ನಿಜವಾಗಿ ಅನುವಾದ ಬೇಕಾದವರಿಗೆ, ವಚನದ ಮಟ್ಟಿಗೆ, ಬೆಂಗಳೂರಿನ ಬಸವ ಸಮಿತಿಯ ಸಂಪುಟಗಳಿವೆ. ಕಲಬುರ್ಗಿಯವರ ಸಂಪಾದಕತ್ವದ ವಚನ ಸಂಕಲನವನ್ನು 23 ಭಾಷೆಗಳಿಗೆ ತಂದು 2017ರ ಏಪ್ರಿಲ್ 29ರಂದು ದೆಹಲಿಯಲ್ಲಿ ಬಿಡುಗಡೆ ಮಾಡಲಾಯಿತು. ಮರಾಠಿ, ಹಿಂದಿ ಅದರಲ್ಲಿವೆ. ವಚನವನ್ನು ನೀವೇ ಗೂಗಲ್‌ಗೆ ಕೊಟ್ಟು ಮರಾಠಿ ಮಾಡಿಸುವ ಬದಲು ಆ ಪುಸ್ತಕದಿಂದ ತೆಗೆದುಕೊಳ್ಳಿ. ಪ್ರವಚನದ ಗದ್ಯಕ್ಕೆ ಯಂತ್ರಾನುವಾದ ಕರಡಾಗಿ ನಡೆಯುತ್ತದೆ. ವಾಕ್ಯ ತುಂಡು ಮಾಡಿ, ಪೂರ್ಣವಿರಾಮ ಹಾಕಿ ಕೊಟ್ಟರೆ ಮಾತ್ರ. ಅಂಗ, ಲಿಂಗ, ಜಂಗಮ, ಬಯಲು, ಐಕ್ಯ, ದಾಸೋಹ ಇಂಥವನ್ನು ಹಾಗೇ ಉಳಿಸಿ, ಕೆಳಗೆ ಟಿಪ್ಪಣಿ ಕೊಡಿ. ಸಿದ್ಧೇಶ್ವರ ಶ್ರೀಗಳು ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲೂ ಮಾತಾಡುತ್ತಿದ್ದವರು. ಅನುವಾದಕ್ಕೆ ಕೈ ಹಾಕುವ ಮೊದಲು ದೇವನಾಗರಿಯಲ್ಲಿ ಅವರ ಹೆಸರು ಬರೆದು ಹುಡುಕಿ ನೋಡುವುದು ಜಾಣತನ.

ಕಣ್ಣು ಮಂದವಾದವರಿಗೆ, ಕಾಣದವರಿಗೆ

ಡೆಮಿ ಅಳತೆಯ ಪುಸ್ತಕ ಎ5ಗೆ ಹತ್ತಿರ. ಝೆರಾಕ್ಸ್ ಅಂಗಡಿಯಲ್ಲಿ ‘141 ಪರ್ಸೆಂಟ್, ಎ4ಗೆ’ ಎಂದು ಹೇಳಿದರೆ ಪುಟ ತುಂಬಿ ಬರುತ್ತದೆ. ಸ್ಪೈರಲ್ ಹಾಕಿಸಿದರೆ ತೊಡೆಯ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಪಠ್ಯವಿದ್ದರೆ 18 ಪಾಯಿಂಟಿನಲ್ಲಿ ನೀವೇ ಅಚ್ಚು ಹಾಕಿಸಿ, ಅದು ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಪಿಡಿಎಫ್ ಬೇಡ, ಇ-ಪಬ್ ಕೊಡಿ. ಅಕ್ಷರ ದೊಡ್ಡದು ಮಾಡಿದಂತೆ ಸಾಲು ತಾನೇ ಮಡಚಿಕೊಳ್ಳುತ್ತದೆ.

ಓದಿ ಹೇಳಿಸಲು ಆಂಡ್ರಾಯ್ಡ್ ಸೆಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ಟು ಸ್ಪೀಚ್’ ತೆರೆದು, ಗೂಗಲ್ ಎಂಜಿನ್ ಆರಿಸಿ, ಕನ್ನಡದ ಧ್ವನಿ ದತ್ತಾಂಶ ಇಳಿಸಿಕೊಳ್ಳಿ. ನೆಟ್ ಇಲ್ಲದೆಯೂ ನಡೆಯುತ್ತದೆ. ಕಂಪ್ಯೂಟರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಅದರೊಳಗಿನ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ. ದನಿ ಒರಟು, ಉಚ್ಚಾರ ಪರವಾಗಿಲ್ಲ. ಆಸ್ಕಿ ಫಾಂಟಿನ ಪಿಡಿಎಫ್ ಇವೆರಡಕ್ಕೂ ಓದಲು ಬರುವುದಿಲ್ಲ. ಮೇಲೆ ಯೂನಿಕೋಡ್‌ಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. ದೃಷ್ಟಿದೋಷ ಉಳ್ಳವರು ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದ ಸದಸ್ಯರಾದರೆ ಡೈಸಿ (ಕೇಳುವ ಪುಸ್ತಕ), ಇ-ಪಬ್, ಬ್ರೈಲ್ ರೂಪದ ಪುಸ್ತಕಗಳು ಸಿಗುತ್ತವೆ. ಅವರಿಗಾಗಿ ಪುಸ್ತಕವನ್ನು ಓದಬಲ್ಲ, ಕೇಳಬಲ್ಲ ರೂಪಕ್ಕೆ ತರುವುದು, ಲಾಭಕ್ಕಲ್ಲದೆ ಮಾಡಿದರೆ, 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ.

ಮತ್ತೆ ಅಪ್‌ಲೋಡ್ ಮಾಡುವ ಮುನ್ನ

ಸಾರ್ವಜನಿಕ ಸಭೆಯಲ್ಲಿ ಆಡಿದ ಮಾತು ಎಲ್ಲರದೂ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಭಾಷಣದ ಮೊದಲ ಹಕ್ಕು ಮಾತಾಡಿದವರದು, ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದವರದು. ಮನೆಯವರಿಗೆ ಪೆನ್‌ಡ್ರೈವ್ ತುಂಬಿಕೊಡುವುದು ಒಂದು, ಸ್ವಂತ ಚಾನೆಲ್‌ಗೆ ಹಾಕಿ ಜಾಹೀರಾತಿನ ದುಡ್ಡು ಎಣಿಸುವುದು ಇನ್ನೊಂದು. ಎರಡನೆಯದಕ್ಕೆ ಮಠದ ಬರಹದ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಪತ್ರದಲ್ಲಿ ಯಾವ ರೂಪ (ಆಡಿಯೊ, ಪಠ್ಯ), ಯಾವ ಭಾಷೆ, ಎಲ್ಲಿ ಹಾಕುತ್ತೀರಿ, ದುಡ್ಡು ಬರುತ್ತದೋ ಇಲ್ಲವೋ ಈ ನಾಲ್ಕನ್ನೂ ಬರೆದರೆ ಉತ್ತರ ಬೇಗ ಬರುತ್ತದೆ.

ಪುಸ್ತಕಗಳ ಲೆಕ್ಕ ಸರಳ: ಲೇಖಕರು ತೀರಿಹೋದ ವರ್ಷ ಮುಗಿದ ಮೇಲೆ 60 ವರ್ಷ. ವಿಜಯಪುರದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್‌ನಲ್ಲಿ. 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ಅವರ ವಚನಶಾಸ್ತ್ರ ಸಾರದ ಮೊದಲ ಭಾಗವೂ ಸೇರಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಬರಹಗಳೆಲ್ಲ 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಓದಿ ಆಡಿಯೊ ಮಾಡಿ, ಮರಾಠಿಗೆ ತನ್ನಿ, ಯಾರನ್ನೂ ಕೇಳಬೇಕಿಲ್ಲ. ಈಚಿನ ಮರುಮುದ್ರಣದ ಮುನ್ನುಡಿ, ಟಿಪ್ಪಣಿ, ಅನುಬಂಧಗಳು ಮಾತ್ರ ಆಯಾ ಸಂಪಾದಕರದು. ಅವುಗಳ ಪುಟಗಳನ್ನು ಬಿಟ್ಟು ಸ್ಕ್ಯಾನ್ ಮಾಡಿ, ಶೀರ್ಷಿಕೆ ಪುಟವನ್ನೂ ಮುದ್ರಣದ ವರ್ಷವಿರುವ ಪುಟವನ್ನೂ ಮರೆಯದೆ ಸೇರಿಸಿ.